ಕಾಲು ಗುಳಿಗೆ

ಮೇಜಿನ ಮೇಲೆ ಬಂದ ಬೆರಳು ಮುದುಕಿಯದು, ಉಗುರು ಸವೆದು ಒಳಕ್ಕೆ ಬಾಗಿದೆ, ಗೆಣ್ಣಿನ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿದೆ, ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಓಟು ಹಾಕಲು ಎದ್ದು ಬಂದಿರಬೇಕು, ರೇಣವ್ವ ಆ ಬೆರಳನ್ನು ಹಿಡಿದು, ಕಡ್ಡಿಯನ್ನು ಶಾಯಿಯಲ್ಲಿ ಅದ್ದಿ, ಉಗುರಿನ ಬುಡದಲ್ಲಿ ಗೆರೆ ಎಳೆದಳು, ಇದು ಹೋಗೂದಿಲ್ಲೇನ ನಮ್ಮವ್ವ ಎಂದಳು ಮುದುಕಿ, ಹೋಗ್ತೈತಿ ಆಯಿ, ತಿಂಗಳೊಪ್ಪತ್ತಿನಾಗ ಹೋಗ್ತೈತಿ, ಮುಂದಿನವರು ಬರ್ರಿ— ಮುಂದಿನದು ಗಂಡಸಿನ ಬೆರಳು, ಬೀಡಿ ಹಿಡಿದು ಹಿಡಿದು ಹಳದಿಯಾದದ್ದು, ಅದರ ಹಿಂದೆ ಬಳೆಗಳ ಸದ್ದು, ಅದರ ಹಿಂದೆ ಶಿರೂರಿನ ಶಾಲೆಯ ಅಂಗಳದ ತುಂಬ ಜನ, ಮಾರ್ಚ್ ತಿಂಗಳ ಬಿಸಿಲು ಆಗಲೇ ಹೊಸ್ತಿಲು ದಾಟಿದೆ, ಎಂಟೂವರೆ ಆಗಿರಬೇಕು, ಎಂಟೂವರೆ ಎಂದರೆ ಇಳಕಲ್ಲಿನಲ್ಲಿ ಪಕ್ಕದ ಮನೆಯ ಹುಸೇನಬಿ ಈ ಹೊತ್ತಿಗೆ ಕೀಲಿ ತೆಗೆದು ಒಳಗೆ ಹೋಗಿ, ಕಾಲು ಗುಳಿಗೆ ಪುಡಿಮಾಡಿ ಕೆನೆಯಲ್ಲಿ ಕಲಸಿ, ಟ್ರಂಕಿನ ಮಗ್ಗುಲಲ್ಲಿ ಇಟ್ಟು, ಗೋಡೆಯ ಕಡೆ ಮುಖ ಮಾಡಿ ಕುಳಿತಿರಬೇಕು, ಕುಳಿತಿದ್ದಾಳೋ ಇಲ್ಲವೋ, ಅದನ್ನು ಇಲ್ಲಿ ಯಾರನ್ನು ಕೇಳುವುದು, ನಿನ್ನೆ ನಸುಕಿನಲ್ಲಿ ಕೊಟ್ಟದ್ದೇ ತನ್ನ ಕೈಯಿಂದ ಕೊನೆಯದು, ಆಮೇಲೆ ಬಸ್ಸು, ಬಾಗಲಕೋಟೆಯ ಕಚೇರಿ, ಮತಪೆಟ್ಟಿಗೆ, ಮತಪತ್ರ, ಅರಗು, ಲಾರಿ, ಈ ಊರು, ನಾಳೆ ಮುಂಜಾನೆಯವರೆಗೆ ಬಿಡುಗಡೆ ಇಲ್ಲ, ಎಂಬತ್ತೈದರ ಈ ಚುನಾವಣೆಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಅಕ್ಕೋರನ್ನೂ ಬಿಡಲಿಲ್ಲ, ನಾ ಒಬ್ಬಾಕಿ ಇರ್ತೇನ್ರಿ, ಮನ್ಯಾಗ ಬೆಕ್ಕೈತಿ ಎಂದು ಅರ್ಜಿ ಬರೆಯಲು ಆಗುತ್ತದೆಯೇ.

ಬೆಕ್ಕಿನ ಹೆಸರು ಬೂದಿ, ಒಲೆಯ ಬೂದಿಯ ಬಣ್ಣ, ಯಾರ ಹೆಜ್ಜೆ ಕೇಳಿದರೂ ಟ್ರಂಕಿನ ಹಿಂದೆ, ಕೌದಿಗಳ ಒಳಗೆ, ಹುಸೇನಬಿ ಆರು ವರ್ಷದಿಂದ ದಿನಾ ಮನೆಗೆ ಬಂದು ಹೋಗುತ್ತಾಳೆ, ಅವಳು ಇಲ್ಲಿಯವರೆಗೆ ಕಂಡದ್ದು ಬಾಲದ ತುದಿ ಮಾತ್ರ, ಅಕ್ಕೋರ, ನಿಮ್ಮ ಬೆಕ್ಕ ಗೋಷಾದಾಗ ಇರ್ತದ ನೋಡ್ರಿ, ಯಾರಿಗೂ ಮುಖಾ ತೋರಸೂದಿಲ್ಲ ಎಂದು ನಗುತ್ತಾಳೆ, ಆ ಬೆಕ್ಕು ಎರಡು ವರ್ಷದ ಹಿಂದೆ ಒಂದು ಸಂಜೆ ಅಡುಗೆಮನೆಯ ನಡುವೆ ಬಿದ್ದು ನಾಲ್ಕೂ ಕಾಲು ಸೆಟೆದು ಹೊಡೆದುಕೊಂಡಿತು, ಬಾಯಲ್ಲಿ ನೊರೆ, ರೇಣವ್ವ ಚೀಲದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಓಡಿದಳು, ಅಲ್ಲಿಯ ಡಾಕ್ಟರು ನಕ್ಕರು, ಆದರೆ ಒಳ್ಳೆಯವರು, ಎತ್ತಿಗೆ ಬಂದ್ರ ಹೇಳ್ರಿ ಅಕ್ಕೋರ, ಬೆಕ್ಕಿಗೆ ಅಂತ ಯಾರೂ ಗುಳಿಗಿ ಮಾಡಿಲ್ಲ, ಮನುಷ್ಯಾರ ಮೂರ್ಛಿ ಗುಳಿಗಿ ಇರ್ತದಲ್ಲ, ಅದರಾಗ ಕಾಲ ಭಾಗ, ಹೊತ್ತಾರೆ ಒಂದ, ಸಂಜಿಕ ಒಂದ, ಒಮ್ಮಿ ಸುರು ಮಾಡಿದ್ರ ತಪ್ಪಸಬ್ಯಾಡ್ರಿ ಮತ್ತ, ತಪ್ಪಿದ್ರ ಮೊದಲಿನಕಿಂತ ಜೋರ ಬರ್ತದ, ತಲಿಗೇ ಪೆಟ್ಟ ಬೀಳ್ತದ— ಆದರೆ ಮನುಷ್ಯರ ಗುಳಿಗೆಗೆ ಮನುಷ್ಯರ ಚೀಟಿ ಬೇಕು, ಇಳಕಲ್ಲಿನಲ್ಲಿ ಕೇಳಿದರೆ ಊರಿಗೆಲ್ಲ ಡಂಗುರ, ಹಾಗಾಗಿ ಬಾಗಲಕೋಟೆಗೆ ಹೋಗಿ ಅಲ್ಲಿಯ ಒಬ್ಬ ವಯಸ್ಸಾದ ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅವರು ಕನ್ನಡಕದ ಮೇಲಿನಿಂದ ನೋಡಿ, ಬೆಕ್ಕಿನ ಹೆಸರು ಬರದ್ರ ಅಂಗಡಿಯಾವ ಕೊಡೂದಿಲ್ಲ ಅಕ್ಕೋರ, ನಿಮ್ಮ ಹೆಸರಿಲೆ ಬರೀತೇನಿ ಎಂದು ಬರೆದರು, ರೇಣವ್ವ, ವಯಸ್ಸು ಮೂವತ್ತೆಂಟು, ಆ ಚೀಟಿ ಹಿಡಿದುಕೊಂಡು ಎರಡು ತಿಂಗಳಿಗೊಮ್ಮೆ ಬಾಗಲಕೋಟೆಯಲ್ಲೇ ಗುಳಿಗೆ ಕೊಳ್ಳುವುದು, ಮನೆಗೆ ತಂದು ಬ್ಲೇಡಿನಿಂದ ನಾಲ್ಕು ಹೋಳು ಮಾಡುವುದು, ಒಂದು ಹೋಳನ್ನು ಪುಡಿಮಾಡಿ ಕೆನೆಯಲ್ಲಿ ಕಲಸಿ ಉಂಗುರ ಬೆರಳಿಗೆ ಹಚ್ಚಿಕೊಂಡು ನೆಲದ ಮೇಲೆ ಅಂಗಾತ ಕೈ ಚಾಚಿ ಮಲಗುವುದು, ಆಗ ಅದು ಬರುತ್ತದೆ, ಮೊದಲು ಮೂಗು, ಆಮೇಲೆ ಒರಟು ನಾಲಿಗೆ, ಆ ನಾಲಿಗೆ ಈ ಲೋಕದಲ್ಲಿ ಒಂದೇ ಒಂದು ಬೆರಳನ್ನು ನಂಬುತ್ತದೆ ಎಂಬ ಸೊಕ್ಕೂ ಅವಳಿಗೆ ಇರಲಿಲ್ಲವೆಂದಲ್ಲ.

ಕಲ್ಲಪ್ಪ ಮಾಸ್ತರು ಯಾದಿ ನೋಡಿ ಹೆಸರು ಕೂಗುತ್ತಿದ್ದಾರೆ, ನೂರಾ ಹನ್ನೊಂದು, ಲಗಮವ್ವ, ಗಂಡನ ಹೆಸರು ಹನಮಂತಪ್ಪ, ಲಗಮವ್ವನ ಕೈ ಕೊಡ್ರಿ, ಎಡಗೈ, ಎಡಗೈರಿ, ಗೆರೆ, ಹೋಗ್ರಿ— ಹುಸೇನಬಿಗೆ ಎಷ್ಟು ಸಲ ಹೇಳಿದ್ದೇನೆ, ಭಾನುವಾರ ಇಡೀ ಮಧ್ಯಾಹ್ನ ಕೂತು ಹೇಳಿದೆ, ಸಣ್ಣ ಚೀಲದಲ್ಲಿ ಆರು ಕಾಗದದ ಪೊಟ್ಟಣ, ಒಂದೊಂದರಲ್ಲಿ ಕಾಲು ಗುಳಿಗೆ, ನಾಲ್ಕು ಹೊತ್ತಿಗೆ ನಾಲ್ಕು, ಚೆಲ್ಲಿದರೆ ಇರಲಿ ಎಂದು ಎರಡು ಹೆಚ್ಚು, ಒಳಗೆ ಹೋಗುವಾಗ ನನ್ನ ಹಳೆ ಸೀರೆ ಹೊದ್ದುಕೋ, ಹೆಸರು ಹಿಡಿದು ಕರೆಯಬೇಡ, ಅದನ್ನು ನೋಡಬೇಡ, ಇಟ್ಟು ಬೆನ್ನು ತಿರುಗಿಸಿ ಕೂಡು, ನೆಕ್ಕಿದ ಸದ್ದು ಕೇಳುತ್ತದೆ, ಆಗ ಏಳು, ಹುಸೇನಬಿ ಎಲ್ಲದಕ್ಕೂ ಹೂಂ ಎಂದಳು, ಆದರೆ ಆ ಹೂಂನಲ್ಲಿ ಏನೋ ಇತ್ತು, ಬೆಕ್ಕಿಗೆ ಮೂರ್ಛಿ ಬರ್ತದೇನ್ರಿ ಅಕ್ಕೋರ ಎಂದು ಎರಡು ಸಲ ಕೇಳಿದಳು, ಎರಡನೆಯ ಸಲ ಕೇಳುವಾಗ ಬೆಕ್ಕಿನ ಮಾತೇ ಅಲ್ಲವೆಂಬಂತೆ ರೇಣವ್ವನ ಮುಖವನ್ನೇ ನೋಡಿದಳು, ರೇಣವ್ವನಿಗೆ ಅದು ಆಗ ತಿಳಿಯಲಿಲ್ಲ, ಗುಳಿಗೆ ಕಳೆದುಹೋದರೆ ಯಾರಿಂದಲಾದರೂ ತರಿಸು ಎಂದು ಆ ಚೀಟಿಯನ್ನೂ ಅವಳ ಕೈಯಲ್ಲಿ ಇಟ್ಟಳು, ಹೇಗೂ ಅವಳಿಗೆ ಓದಲು ಬಾರದು ಎಂದುಕೊಂಡಳು— ಅಪ್ಪ ಕುರಿಗೆ ಔಷಧ ಹಾಕುತ್ತಿದ್ದದ್ದು ಎಷ್ಟು ಸುಲಭವಿತ್ತು, ತೊಡೆಗಳ ನಡುವೆ ಅವುಚಿ, ಬಿದಿರಿನ ಗೊಟ್ಟ ಬಾಯಿಗಿಟ್ಟು ಸುರಿದರೆ ಆಯಿತು, ಮನೆದೇವರು ಬೀರಪ್ಪನ ಹೆಸರು ಹೇಳಿ ಮುಂದಿನ ಕುರಿ, ಇನ್ನೂರು ಕುರಿ ಒಂದು ಮುಂಜಾನೆಗೆ, ಕುರಿಗೆ ನಾಚಿಕಿ ಇರೂದಿಲ್ಲವ್ವ ಮಗಳ, ನಾಚಿಕಿ ಇದ್ದ ಜೀವಕ್ಕ ಔಷಧ ಹಾಕೂದು ಭಾಳ ಕಷ್ಟ ಎನ್ನುತ್ತಿದ್ದ, ಹೌದಪ್ಪ, ಭಾಳ ಕಷ್ಟ, ಮುಂದಿನವರು ಬರ್ರಿ, ಎಡಗೈ, ಎಡಗೈ.

ಹನ್ನೆರಡೂವರೆಗೆ ಬಾಗಿಲಲ್ಲಿ ಗದ್ದಲ, ಪೊಲೀಸಿನವನು ಯಾರನ್ನೋ ತಡೆಯುತ್ತಿದ್ದಾನೆ, ನಿನ್ನ ಓಟ ಇಲ್ಲಿ ಇಲ್ಲ ಅಂದಮ್ಯಾಲೆ ಒಳಗ ಬಿಡೂದಿಲ್ಲ, ಓಟ ಹಾಕಾಕ ಬಂದಿಲ್ರಿ, ಅಕ್ಕೋರಿಗೆ ಅರ್ಜಂಟ ಐತ್ರಿ— ಆ ದನಿ ಗೊತ್ತು, ಹುಸೇನಬಿಯ ತಮ್ಮ ರಾಜಮಹ್ಮದ, ಸೀರೆಯ ಗಂಟು ಹೇರಿಕೊಂಡು ಸೊಲ್ಲಾಪುರಕ್ಕೆ ಲಾರಿ ಓಡಿಸುವವನು, ಬೂದಿಗೆ ಏನೋ ಆಗಿದೆ, ರೇಣವ್ವ ಎದ್ದು ನಿಂತಳು, ಕಡ್ಡಿಯಿಂದ ಶಾಯಿ ತೊಟ್ಟಿಕ್ಕಿ ಮೇಜಿನ ಮೇಲೆ ಬಿತ್ತು, ರಾಜಮಹ್ಮದ ಪೊಲೀಸಿನವನ ಹೆಗಲ ಮೇಲಿನಿಂದ ಕೈ ಚಾಚಿ ಇಡೀ ಮತಗಟ್ಟೆಗೆ ಕೇಳುವ ಹಾಗೆ ಹೇಳಿದ, ಅಕ್ಕೋರ, ಗುಳಿಗಿ ಬಿಟ್ಟ ಬಂದೀರಿ, ನಮ್ಮಕ್ಕ ಚೀಟಿ ನನ್ನ ಕಡೆ ಓದಿಸ್ಯಾಳ್ರಿ, ನಿಮ್ಮ ಹೆಸರಿನ ಗುಳಿಗಿ, ಊರಲ್ಲದ ಊರಾಗ ಮೂರ್ಛಿ ಬಂದ ಬಿದ್ರ ಯಾರ ನೋಡಾವ್ರ ಅಂತ ಅಳಾಕತ್ತಾಳ್ರಿ, ದಾರಿ ಮ್ಯಾಲ ಶಿರೂರ, ಕೊಟ್ಟ ಹೋಗು ಅಂದ್ಲು— ಕೈಗೆ ಬಂದದ್ದು ಅದೇ ಚೀಲ, ಒಳಗೆ ಪೊಟ್ಟಣ, ಒಂದು ಎರಡು ಮೂರು ನಾಲ್ಕು ಐದು ಆರು, ಒಂದೂ ಒಡೆದಿಲ್ಲ, ನಿನ್ನೆ ಸಂಜೆಯದೂ ಇಲ್ಲೇ, ಇವತ್ತು ಮುಂಜಾನೆಯದೂ ಇಲ್ಲೇ, ಆರೂ ಇಲ್ಲೇ, ಅಯ್ಯೋ ಹುಚ್ಚಿ ಹುಸೇನಬೀ, ರಾಜಮಹ್ಮದ, ಇದು ನನಗಲ್ಲೋ, ಬೆಕ್ಕಿಗೆ, ಬೆಕ್ಕಿಗೆ ಅಂತ ನಿಮ್ಮಕ್ಕಗ ಹೇಳಿದ್ನಲ್ಲೋ, ಬೆಂಚಿನ ಮೇಲೆ ಕುಳಿತ ಎರಡೂ ಪಕ್ಷದ ಏಜೆಂಟರು ಆ ದಿನ ಮೊದಲ ಸಲ ಒಟ್ಟಿಗೆ ನಕ್ಕರು, ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು, ರಾಜಮಹ್ಮದ ಮಾತ್ರ ನಗಲಿಲ್ಲ, ದನಿ ತಗ್ಗಿಸಿ ಹೇಳಿದ, ಅಕ್ಕ ಅಂದಾಳ್ರಿ, ಅಕ್ಕೋರು ಬೆಕ್ಕಿಗೆ ಅಂತ ಹೇಳ್ತಾರ, ನಾಚಿಕಿ ಪಡತಾರ, ನೀ ಕೊಟ್ಟ ಬಾ ಅಂತ— ತಿರುಗಿ ಇಳಕಲ್ಲಿಗೆ ಒಯ್ಯೋ ಎಂದರೆ ಲಾರಿ ನಿಂತಿದೆ, ಸೊಲ್ಲಾಪುರ ಮುಟ್ಟಬೇಕು, ಬರುವುದು ಗುರುವಾರ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದರೆ, ಕಳಿಸಿದರೂ ಹುಸೇನಬಿ ನಂಬುವುದಿಲ್ಲ, ಅಕ್ಕೋರು ಗುಳಿಗಿ ತೊಗೊಳ್ಳಲಿಲ್ಲ ಎಂದು ಇನ್ನಷ್ಟು ಅಳುತ್ತಾಳೆ, ಅವಳ ಪ್ರೀತಿ ಹಾಗೆ, ಸುತ್ತಿ ಕಟ್ಟಿಹಾಕುವಂಥದ್ದು, ಬಿಡಿಸಿಕೊಳ್ಳಲು ಗಂಟೇ ಸಿಗುವುದಿಲ್ಲ.

ಚಂದಪ್ಪ ಸಾಹೇಬರು ಪ್ರಿಸೈಡಿಂಗ್ ಆಫೀಸರು, ಬ್ಯಾಂಕಿನಲ್ಲಿ ಕೆಲಸ, ಮುಂಜಾನೆಯಿಂದ ಒಂದೂ ಬಿರುಸು ಮಾತು ಆಡಿದವರಲ್ಲ, ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಬಂದು ಕುಳಿತರು, ನಾಚಿಕಿ ಏನೈತ್ರಿ ಅಕ್ಕೋರ, ನಮ್ಮ ತಮ್ಮಗೂ ಐತಿ, ಮೊದಲ ಹೇಳಿದ್ರ ನಿಮ್ಮನ್ನ ಡ್ಯೂಟಿಗೆ ಹಾಕ್ತಿದ್ದಿಲ್ಲ, ಇಲ್ರಿ ಸಾಹೇಬ್ರ, ಖರೇನ ಬೆಕ್ಕಿಗ್ರಿ, ಅವರು ತಲೆಯಾಡಿಸಿದರು, ಸಣ್ಣ ಮಕ್ಕಳ ಸುಳ್ಳಿಗೆ ದೊಡ್ಡವರು ಆಡಿಸುವ ಹಾಗೆ, ಒಂದು ಬಿಳಿ ಹಾಳೆ ತೆಗೆದು ಮುಂದಿಟ್ಟರು, ಎರಡು ಸಾಲು ಬರದ ಸಹಿ ಮಾಡ್ರಿ, ನನಗೆ ಮೂರ್ಛೆರೋಗ ಇದೆ, ಡ್ಯೂಟಿಯಿಂದ ಬಿಡಬೇಕು ಅಂತ, ಈ ಸಾಲಿ ಮಾಸ್ತರು ನಿಮ್ಮ ಜಾಗಾದಾಗ ಕೂಡ್ತಾರ, ಎರಡರ ಹುನಗುಂದ ಬಸ್ಸಿಗೆ ಹೋಗ್ರಿ, ಐದರೊಳಗ ಮನಿ ಮುಟ್ತೀರಿ— ಐದರೊಳಗೆ ಮನೆ, ಟ್ರಂಕಿನ ಹಿಂದೆ ಕೈ ಹಾಕಿದರೆ ಬೆಚ್ಚಗಿನ ಮೈ, ಎರಡು ಹೊತ್ತು ತಪ್ಪಿದೆ, ಇನ್ನೂ ತಡವಾಗಿಲ್ಲ, ಸಂಜೆಯದು ಸಂಜೆಗೇ ಸಿಗುತ್ತದೆ, ರೇಣವ್ವ ಪೆನ್ನು ತೆಗೆದುಕೊಂಡಳು, ಇವರಿಗೆ ಎಂದು ಬರೆದಳು, ವಿಷಯ ಎಂದು ಬರೆದಳು, ಈ ಹಾಳೆ ಎಲ್ಲಿಗೆ ಹೋಗ್ತೈತ್ರಿ ಸಾಹೇಬ್ರ, ಕಚೇರಿಗಿ, ಅಲ್ಲಿಂದ ನಿಮ್ಮ ಶಿಕ್ಷಣ ಖಾತೆಗೆ ಹೋಗ್ತೈತಿ, ಅದೇನ ಚಿಂತಿ ಮಾಡಬ್ಯಾಡ್ರಿ— ಮೇ ತಿಂಗಳಲ್ಲಿ ಹೆಡ್ ಅಕ್ಕೋರು ನಿವೃತ್ತಿ, ಮುಂದಿನ ಹೆಸರು ತನ್ನದು, ಮೂರ್ಛೆಯ ಅಕ್ಕೋರು ಎಂದು ಗೊತ್ತಾದರೆ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ, ಟ್ರೇನಿಂಗಿನ ದಿನಗಳಲ್ಲಿ ಹಾಸ್ಟೆಲ್ಲಿನ ಹುಡುಗಿ ಶಾರವ್ವ, ಊಟದ ಸಾಲಿನಲ್ಲಿ ಒಂದೇ ಸಲ ಬಿದ್ದಳು, ಕೈಯಲ್ಲಿ ಕೀಲಿ ಹಿಡಿಸಿದರು, ಎಚ್ಚರವಾದ ಮೇಲೆ ಅವಳ ಚಾಪೆಯ ಮಗ್ಗುಲು ಯಾರೂ ಮಲಗಲಿಲ್ಲ, ಎಂಟು ದಿನಕ್ಕೆ ಟ್ರಂಕು ಹೊತ್ತು ಊರಿಗೆ ಹೋದಳು, ಆ ಎಂಟು ದಿನ ದೂರ ಮಲಗಿದವರಲ್ಲಿ ತಾನೂ ಒಬ್ಬಳು, ಇನ್ನು ತನಗೇ ಅಂಟಿದ ಮಾತು, ಬಂಜಿ, ಗಂಡ ಹುಲ್ಲಪ್ಪ ಐದು ವರ್ಷ ನೋಡಿ ಇನ್ನೊಬ್ಬಳನ್ನು ಮನೆಗೆ ತಂದ ದಿನ ಅತ್ತೆ ಅಂಗಳದಲ್ಲಿ ನಿಂತು ಆಡಿದ ಮಾತು, ಅದರ ಮೇಲೆ ಅಕ್ಕೋರು ಎನ್ನುವ ಮಾತನ್ನು ಪದರ ಪದರವಾಗಿ ಬಳಿಯಲು ಹದಿನೇಳು ವರ್ಷ ಬೇಕಾಯಿತು, ಈಗ ತನ್ನ ಕೈಯಿಂದಲೇ, ತನ್ನ ದುಂಡು ಅಕ್ಷರದಲ್ಲೇ, ಇನ್ನೊಂದನ್ನು ಬರೆದುಕೊಡುವುದೇ, ಹೊರಗೆ ಬಸ್ಸು ಬಂತು, ಹಾರ್ನು ಹೊಡೆಯಿತು, ಅಕ್ಕೋರ, ಬಸ್ ಬಂತ ನೋಡ್ರಿ ಎಂದರು ಕಲ್ಲಪ್ಪ ಮಾಸ್ತರು, ಹೋಗು ಎಂದಿತು ಮನಸ್ಸು, ಅವಳು ಪೆನ್ನಿನ ಮುಚ್ಚಳ ಹಾಕಿದಳು, ಬಸ್ಸು ಇನ್ನೊಮ್ಮೆ ಹಾರ್ನು ಹೊಡೆಯಿತು, ಧೂಳು ಕಿಟಕಿಯಿಂದ ಒಳಗೆ ಬಂತು, ಸದ್ದು ಹುನಗುಂದದ ದಾರಿ ಹಿಡಿದು ಸಣ್ಣಗಾಯಿತು, ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹರಿದಳು, ನನಗ ಏನೂ ಇಲ್ರಿ ಸಾಹೇಬ್ರ, ನಾ ಕೆಲಸ ಮಾಡ್ತೇನಿ, ಆಗಲಿ ಎಂದರು ಸಾಹೇಬರು, ಹಂಗಾರ ನನ್ನ ಮುಂದ ಒಂದ ಗುಳಿಗಿ ತೊಗೊಳ್ರಿ, ಇಲ್ಲೆ ಏನಾರ ಆದ್ರ ಅದು ನನ್ನ ಮ್ಯಾಲೆ ಬರ್ತದ, ಯಾರೋ ತಂಬಿಗೆ ತಂದರು, ಸಾಲಿನಲ್ಲಿದ್ದವರು ಇಣುಕಿ ನೋಡಿದರು, ಬೇಡ ಎಂದರೆ ಮತ್ತೆ ಹಾಳೆ, ಮತ್ತೆ ಮಾತು, ರೇಣವ್ವ ಒಂದು ಪೊಟ್ಟಣ ಬಿಚ್ಚಿ ಆ ಕಾಲು ಗುಳಿಗೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡಳು, ಕಹಿ, ಇಷ್ಟು ಕಹಿ ಎಂದು ಎರಡು ವರ್ಷ ಗೊತ್ತಿರಲಿಲ್ಲ, ಕೆನೆ ಎಷ್ಟು ಹಾಕಿದರೂ ಇದು ಮುಚ್ಚುವಂಥದ್ದಲ್ಲ, ಬೂದಿ ತಿಳಿದೂ ನೆಕ್ಕುತ್ತಿತ್ತು, ಬೆರಳು ನನ್ನದೆಂದು ನೆಕ್ಕುತ್ತಿತ್ತು, ನೀರು ಕುಡಿದಳು, ಶಾಭಾಸ್ ಎಂದರು ಚಂದಪ್ಪ ಸಾಹೇಬರು.

ಆಮೇಲೆ ಬೆರಳುಗಳು ಬಂದವು, ಬೆರಳುಗಳು ಮಾತ್ರ, ಮುಖಗಳಿಲ್ಲ, ಕೆಲವರು ಗೆರೆ ಎಳೆಸಿಕೊಂಡು ಅವಳನ್ನು ಕನಿಕರದಿಂದ ನೋಡಿದರು, ಕೆಲವರು ಅವಳ ಕೈ ತಾಕದ ಹಾಗೆ ಬೆರಳ ತುದಿಯನ್ನಷ್ಟೇ ಚಾಚಿದರು, ಹೆಸರು ಉಳಿಸಿಕೊಳ್ಳಲು ಕುಳಿತವಳ ಹೆಸರು ಆಗಲೇ ಸಾಲಿನುದ್ದಕ್ಕೂ ಹರಿದು ಅಂಗಳ ದಾಟಿತ್ತು, ಐದಕ್ಕೆ ಬಾಗಿಲು ಮುಚ್ಚಿದರು, ಪೆಟ್ಟಿಗೆಗೆ ಅರಗು ಹಾಕಿದರು, ಅರಗಿನ ವಾಸನೆಗೆ ತಲೆ ಸುತ್ತಿದರೆ ನಾಲ್ಕು ಜನ ಒಮ್ಮೆಲೇ ಹಿಡಿಯಲು ಬಂದರು, ಲಾರಿ, ಬಾಗಲಕೋಟೆ, ರಸೀದಿ, ಕಚೇರಿಯ ಜಮಖಾನೆಯ ಮೇಲೆ ಹೆಂಗಸರ ಸಾಲಿನಲ್ಲಿ ಅವಳ ಮಗ್ಗುಲು ಒಂದು ಜಾಗ ಖಾಲಿ, ಬೆಳಗಿನ ಮೊದಲ ಬಸ್ಸು, ಅಮೀನಗಡ, ಹುನಗುಂದ, ಬೇಗ ಹೋಗಪ್ಪ ಡ್ರೈವರಾ, ಒಂದು ದಿನಕ್ಕೆ ಏನೂ ಆಗುವುದಿಲ್ಲ, ಆಗಲಿಕ್ಕಿಲ್ಲ, ಇಳಕಲ್ಲಿನಲ್ಲಿ ಇಳಿದಾಗ ಒಂಬತ್ತೂವರೆ, ಓಣಿಯೊಳಗೆ ಕಾಲಿಟ್ಟರೆ ಮಗ್ಗದ ಸದ್ದು ಒಂದು ಮನೆಯಲ್ಲಿ ನಿಂತಿತು, ಆರಾಮ ಅದೀರಿ ಅಕ್ಕೋರ, ಎರಡನೆಯ ಮನೆಯಲ್ಲಿ ನಿಂತಿತು, ಆರಾಮ ಅದೀರಿ, ಎಂದೂ ಕೇಳದವರು ಕೇಳುತ್ತಿದ್ದಾರೆ, ಮನೆಯ ಬಾಗಿಲು ತೆರೆದೇ ಇದೆ, ಒಳಗೆ ನೆಲದ ಮೇಲೆ ಹುಸೇನಬಿ, ರೇಣವ್ವನ ಹಳೆ ಸೀರೆ ಹೊದ್ದುಕೊಂಡು, ಎರಡೂ ಕೈ ಮಣಿಕಟ್ಟಿನಿಂದ ಮೊಳಕೈಯವರೆಗೆ ಪರಚಿ ರಕ್ತ ಹೆಪ್ಪುಗಟ್ಟಿದೆ, ಮಡಿಲಲ್ಲಿ ಬೂದಿ, ಹಗಲಿನ ಬೆಳಕಿನಲ್ಲಿ, ಪರರ ಮಡಿಲಲ್ಲಿ ಬೂದಿ, ಹೊಟ್ಟೆ ಏರಿ ಇಳಿಯುತ್ತಿದೆ, ಜೀವ ಇದೆ, ಹುಸೇನಬಿ ಅವಳನ್ನು ಕಂಡದ್ದೇ ತಡ ಅಳತೊಡಗಿದಳು, ಖರೇನ ಬೆಕ್ಕಿಗೆ ಇತ್ತಲ್ರಿ ಅಕ್ಕೋರ, ನಾ ಎಂಥಾ ಮೂಳಿ, ನಿನ್ನೆ ದೀಪಾ ಹಚ್ಚೂ ಹೊತ್ತಿಗೆ ತಾನ ಟ್ರಂಕಿನ ಹಿಂದಿಂದ ಬಂತ್ರಿ, ಬಂದು ನನ್ನ ಕಾಲಾಗ ಬಿತ್ತು, ನಾಕ ಸಲ ಬಿತ್ರಿ, ಒಂದ ಬಿಡೂದ್ರಾಗ ಇನ್ನೊಂದು, ಏನ ಮಾಡಬೇಕು ತಿಳೀಲಿಲ್ಲ, ಕಾಲಾಗ ಕೀಲಿ ಹಿಡಿಸಿದೆ, ಮೂಗಿಗೆ ಉಳ್ಳಾಗಡ್ಡಿ ಹಿಡದೆ, ಅಲ್ಲಾನ್ನೂ ಕರದೆ, ನಿಮ್ಮ ಬೀರಪ್ಪನ್ನೂ ಕರದೆ— ಬೆಕ್ಕಿನ ಕಾಲಿಗೆ ಕೀಲಿ ಹಿಡಿಸಿದವಳನ್ನು ಏನೆಂದು ಬೈಯುವುದು, ರೇಣವ್ವ ಆ ಕೈಗಳ ಮೇಲಿನ ಗೆರೆಗಳನ್ನು ನೋಡುತ್ತ ನಿಂತಳು, ಹುಸೇನಬಿ ಮೂಗು ಒರೆಸಿಕೊಂಡು ಕೇಳಿದಳು, ರಾಜಮಹ್ಮದ ಎಷ್ಟ ಹೊತ್ತಿಗೆ ಮುಟ್ಟಿದ್ರಿ, ಹನ್ನೆರಡೂವರೆಗೆ, ಆಮ್ಯಾಲೆ ಈ ಕಡೆ ಬಸ್ ಇರಲಿಲ್ಲೇನ್ರಿ, ಇರಲಿಲ್ಲ ಎಂದಳು ರೇಣವ್ವ, ಇರಲಿಲ್ಲ ಹುಸೇನಬಿ, ಬಸ್ಸೇ ಇರಲಿಲ್ಲ, ಹೇಳುತ್ತ ಹೇಳುತ್ತ ಕೆಳಗೆ ಕುಳಿತಳು, ಪೊಟ್ಟಣ ಬಿಚ್ಚಿದಳು, ಕೆನೆ ತರಲು ಏಳಬೇಕು ಎಂದುಕೊಂಡಳು, ಏಳಲಿಲ್ಲ, ಬೂದೀ ಎಂದು ಕರೆದಳು, ಬೂದಿ ಕಣ್ಣು ತೆರೆದಿತ್ತು, ಕರಿಯ ಪಾಪೆ ಇಡೀ ಕಣ್ಣು ತುಂಬಿಕೊಂಡಿತ್ತು, ಅದು ಅವಳ ಕಡೆ ನೋಡಲಿಲ್ಲ, ಹುಸೇನಬಿಯ ಕಡೆಯೂ ನೋಡಲಿಲ್ಲ, ಗೋಡೆಯಾಚೆ ಎಲ್ಲೋ ನೋಡುತ್ತಿತ್ತು, ಉಂಗುರ ಬೆರಳನ್ನು ಮೂಗಿನ ಹತ್ತಿರ ಹಿಡಿದಳು, ಮೂಗು ಅಲುಗಲಿಲ್ಲ, ನಾ ಅವ್ವಾ, ನಾ, ಬಂದೇನಿ, ಬೆರಳು ಗಲ್ಲಕ್ಕೆ ತಾಕಿತು, ತಾಕಿದ್ದೇ ಬಾಯಿ ತೆರೆಯಿತು, ಓಡಲಿಲ್ಲ, ಪರಚಲಿಲ್ಲ, ವಾಸನೆ ನೋಡಲಿಲ್ಲ, ಯಾರ ಬೆರಳೆಂದು ಕೇಳಲಿಲ್ಲ, ಬಾಯಿ ತೆರೆಯಿತು, ಅಕ್ಕೋರ, ಮುಂಜಾನಿಂದ ನನಗೂ ಹಂಗ ಬಾಯಿ ತಗೀತದ್ರಿ, ಹಾಲು ಹಾಕಿದ್ರ ಕುಡೀತದ, ಈಗ ಗೋಷಾ ಇಲ್ಲ ಎಂದಳು ಹುಸೇನಬಿ, ಅಳುವಿನ ನಡುವೆ ತುಸು ಹಿಗ್ಗಿಯೇ ಹೇಳಿದಳು, ರೇಣವ್ವ ಗುಳಿಗೆಯ ಚೂರನ್ನು ಒಳಗೆ ಇಟ್ಟಳು, ಗಂಟಲು ಅಲುಗಿತು, ನುಂಗಿತು, ಕೈ ತೆಗೆದಳು, ಬಾಯಿ ಮತ್ತೆ ತೆರೆಯಿತು, ಇನ್ನೇನೂ ಇಲ್ಲ ಬೂದೀ, ಆಯಿತು, ಮುಚ್ಚು, ಬಾಯಿ ತೆರೆದೇ ಇತ್ತು, ನಸುಗೆಂಪು, ಅದರ ಒಳಗೆ ಸಣ್ಣ ಹಲ್ಲುಗಳ ಸಾಲು, ನಡುವೆ ಒರಟು ನಾಲಿಗೆ, ಯಾರು ಏನು ಇಟ್ಟರೂ ಸರಿ ಎಂಬಂತೆ ತೆರೆದ ಬಾಯಿ, ಆ ತೆರೆದ ಬಾಯಿ—